ಎಚ್‌ಐವಿ: ಗುಳಿಗಿ ಪುಕ್ಕಟೆ, ದಾರಿ ತುಟ್ಟಿ

ಹುಬ್ಬಳ್ಳ್ಯಾಗ ಒಂದು ಪ್ರೈವೇಟ್ ಲ್ಯಾಬ್‌ನಾಗ ಆರು ವರ್ಷ ರಗತ ತಗಿಯೋ ಕೆಲಸ ಮಾಡೀನಿ ನಾನು. ಅಲ್ಲಿ ನಮ್ಮೊಳಗ ಒಂದು ಮಾತಿತ್ತು, ಎಚ್‌ಐವಿ ಟೆಸ್ಟಿಗೆ ಬರೋ ಗಂಡಸರ ಹೆಸರೆಲ್ಲಾ ಮಂಜುನಾಥ ಅಂತ. ಒಂದೊಂದು ವಾರ ರಿಜಿಸ್ಟರ್ ತಗದು ನೋಡಿದ್ರ ನಾಕು ಮಂಜುನಾಥ, ಇಬ್ರು ಬಸವರಾಜ, ಎಲ್ಲಾರದೂ ಊರು ಹುಬ್ಬಳ್ಳಿ, ಎಲ್ಲಾರದೂ ಮೊಬೈಲ್ ನಂಬರ್‌ನ್ಯಾಗ ಒಂದು ಅಂಕಿ ಕಮ್ಮಿ. ಖರೇ ಅಂದ್ರ ಯಾರೂ ಹುಬ್ಬಳ್ಳಿಯವ್ರಲ್ಲ, ಮಾತಿನ ಧಾಟಿ ಕೇಳಿದ್ರ ಗೊತ್ತಾಗ್ತಿತ್ತು, ಒಬ್ಬ ಮುಂಡರಗಿ ಕಡೆಯವ, ಒಬ್ಬ ಹಾನಗಲ್ ಕಡೆಯವ, ತಮ್ಮೂರ ದವಾಖಾನಿ ದಾಟಿ, ತಾಲೂಕು ದಾಟಿ, ಜಿಲ್ಲಾ ದವಾಖಾನಿನೂ ದಾಟಿ ಇಲ್ಲೀ ಮಟ ಬಂದಿರ್ತಿದ್ರು.

ಒಬ್ಬ ಮಂಜುನಾಥ ನೆನಪೈತಿ. ಹಾವೇರಿ ಕಡೆಯವ, ಮೂವತ್ತೈದರ ಆಸುಪಾಸು (ಗುರ್ತು ಸಿಗಬಾರದು ಅಂತ ತಟಗ ಬದಲಿ ಮಾಡೇ ಬರಿಯಾಕತ್ತೀನಿ). ಜಿಟಿಜಿಟಿ ಮಳಿ ಹಿಡದಿತ್ತು, ಅಂವ ಒಳಗ ಬಂದು ಚಪ್ಲಿ ಬಿಟ್ಟು ಬೆಂಚಿನ ತುದಿಗೆ ಕುಂತ. ರಗತ ತಗೊಂಡು ಕಾರ್ಡಿನ ಮ್ಯಾಲ ಬಿಟ್ಟೆ, ಮ್ಯಾಲ ಎರಡು ಹನಿ ಬಫರ್ ಹಾಕಿದೆ. ಹದಿನೈದು-ಇಪ್ಪತ್ತು ನಿಮಿಷ ಕಾಯಬೇಕು ಅಷ್ಟ. ಬಿಳಿ ಪಟ್ಟಿ ಮ್ಯಾಲ ಕೆಂಪು ನೀರು ಏರಿಕೋತ ಹೋಗ್ತೈತಿ, ಸಿ ಅಂತ ಬರ್ದಿದ್ದ ಕಡೆ ಒಂದು ಗೆರಿ ಮೂಡ್ತು, ಅದು ಎಲ್ಲಾರಿಗೂ ಮೂಡ್ತೈತಿ, ಕಾರ್ಡ್ ಸರಿ ಐತಿ ಅಂತ ತೋರಸಾಕ. ಆಮ್ಯಾಲ ಟಿ ಕಡೆನೂ ಒಂದು ಮೂಡ್ತು. ರಿಯಾಕ್ಟಿವ್ ಅಂತ ಪ್ರಿಂಟ್ ತಗದು ಕವರಿನ್ಯಾಗ ಹಾಕಿ ಕೊಟ್ಟೆ. "ಇದರ ಅರ್ಥ ಏನ್ರಿ ಸರ್?" ಅಂದ. "ಡಾಕ್ಟ್ರಿಗೆ ತೋರಸ್ರಿ" ಅಂದೆ. ಯಾವ ಡಾಕ್ಟ್ರಿಗೆ, ಎಲ್ಲಿ, ಯಾಕ, ಒಂದೂ ಹೇಳಲಿಲ್ಲ. ಅಂವ ಕವರ್ ನಾಕು ಮಡಚಿ ಒಳಕಿಸೆಕ್ಕ ಇಟ್ಕೊಂಡು ಮಳ್ಯಾಗ ಹೋದ. ನಂಬರ್‌ನ್ಯಾಗ ಒಂದು ಅಂಕಿ ಕಮ್ಮಿ ಇತ್ತು, ಫೋನ್ ಮಾಡೋಣಂದ್ರೂ ಆಗ್ತಿರಲಿಲ್ಲ.

ನಾನು ಈ ಲೇಖನ ಬರಿಯಾಕ ಕಾರಣ ಆ "ಡಾಕ್ಟ್ರಿಗೆ ತೋರಸ್ರಿ" ಅನ್ನೋದ. ನಮ್ಮ ಮಂದಿ ತಿಳ್ಕೊಂಡಿದ್ದು ಏನಂದ್ರ, ಸರಕಾರ ಔಷಧ ಪುಕ್ಕಟೆ ಕೊಡ್ತೈತಿ, ದವಾಖಾನಿನೂ ಅದಾವ, ಮತ್ತ ಬರದೇ ಇದ್ರ ಅದು ಮಂದಿ ತಪ್ಪು. ಔಷಧ ಪುಕ್ಕಟೆ ಇರೋದು ಖರೇ. ಆದ್ರ ಕಾರ್ಡಿನ ಮ್ಯಾಲಿನ ಆ ಎರಡನೇ ಗೆರಿಯಿಂದ ಗುಳಿಗಿ ಡಬ್ಬಿ ಕೈಗೆ ಬರೋತನಕ ನಡುವ ಎಷ್ಟು ಬಾಗಲಾ ಅದಾವ, ಯಾವ ಬಾಗಲದಾಗ ಯಾರು ಉಳದು ಹೋಗ್ತಾರ, ಅದನ್ನ ಕುಂತು ನೋಡಿದವ್ರು ಕಡಿಮಿ.

ಮೊದಲು ಆ ಕಾರ್ಡ್ ಏನು ನೋಡ್ತೈತಿ ಅನ್ನೋದು ತಿಳ್ಕೋಬೇಕು, ಯಾಕಂದ್ರ ಅರ್ಧ ಗೊಂದಲ ಅಲ್ಲಿಂದನ ಶುರು. ಅದು ವೈರಸ್ ನೋಡಂಗಿಲ್ಲ. ವೈರಸ್ ಒಳಗ ಬಂದ ಮ್ಯಾಲ ನಮ್ಮ ಮೈ ಅದರ ವಿರುದ್ಧ ಆಂಟಿಬಾಡಿ ಅಂತ ತಯಾರ ಮಾಡ್ತೈತಿ, ಕಾರ್ಡ್ ಹಿಡಿಯೋದು ಅದನ್ನ. ಹೊಲಕ್ಕ ಹಂದಿ ಬಂದಿತ್ತು ಅಂತ ಹೆಜ್ಜಿ ಗುರ್ತು ನೋಡಿ ಹೇಳ್ತೀವಲ್ಲ, ಹಂಗ. ಆಂಟಿಬಾಡಿ ತಯಾರಾಗಾಕ ಕೆಲವು ವಾರ ಬೇಕು, ಕೆಲವರಿಗೆ ಮೂರು ತಿಂಗಳ ಮಟ ಆಗ್ತೈತಿ, ಅದಕ್ಕ ವಿಂಡೋ ಪೀರಿಯಡ್ ಅಂತಾರ. ಅಂದ್ರ ನಿನ್ನೆ ಮೊನ್ನೆ ಏನೋ ಆಗಿ ಇವತ್ತು ಬಂದು ಟೆಸ್ಟ್ ಮಾಡಿಸಿ ನೆಗೆಟಿವ್ ಬಂತಂತ ಖುಷಿಯಾಗಿ ಹೋದ್ರ ಅದಕ್ಕ ಅರ್ಥ ಇಲ್ಲ, ಮೂರು ತಿಂಗಳು ಬಿಟ್ಟು ಮತ್ತ ಮಾಡಿಸಬೇಕು. (ನಿನ್ನೆ ಮೊನ್ನೆ ಏನರ ಆಗಿತ್ತಂದ್ರ ಮಾಡೋ ಕೆಲಸ ಬ್ಯಾರೆನ ಐತಿ, 72 ತಾಸಿನೊಳಗ ದೊಡ್ಡ ಸರಕಾರಿ ದವಾಖಾನಿಗೆ ಓಡಿ ಪಿಇಪಿ ಅಂತ ಕೇಳ್ರಿ, ಸೋಂಕು ತಡಿಯೋ 28 ದಿನದ ಗುಳಿಗಿ ಕೊಡ್ತಾರ, ಎಷ್ಟು ಲಗೂ ಶುರು ಮಾಡಿದ್ರ ಅಷ್ಟು ಛಲೋ.)

ಇನ್ನೊಂದು, ಒಂದು ಕಾರ್ಡಿನ ಎರಡು ಗೆರಿ ನೋಡಿ ಎಚ್‌ಐವಿ ಐತಿ ಅಂತ ಹೇಳಾಕ ಬರಂಗಿಲ್ಲ. ಮೊದಲನೇ ಟೆಸ್ಟ್ ಬೇಕಂತಲೇ ಭಾಳ ಸೂಕ್ಷ್ಮ ಇರ್ತೈತಿ, ಒಬ್ರನ್ನೂ ಬಿಡಬಾರದು ಅಂತ, ಅದಕ್ಕ ಒಮ್ಮೊಮ್ಮೆ ಇಲ್ಲದವ್ರನ್ನೂ ಹಿಡೀತೈತಿ. ಅದಕ್ಕ ಸರಕಾರಿ ಪದ್ಧತ್ಯಾಗ ಮೂರು ಬ್ಯಾರೆ ಬ್ಯಾರೆ ಕಿಟ್‌ನಿಂದ ನೋಡ್ತಾರ, ಮೂರರಾಗೂ ಬಂದ್ರ ಪಾಸಿಟಿವ್. ಒಂದರಾಗ ಬಂದು ಉಳಿದ ಎರಡರಾಗೂ ಬರಲಿಲ್ಲ ಅಂದ್ರ ನೆಗೆಟಿವ್. ಎರಡರಾಗ ಬಂದು ಒಂದರಾಗ ಬರಲಿಲ್ಲ ಅಂದ್ರ ಕೆಲವು ವಾರ ಬಿಟ್ಟು ಮತ್ತ ಕರೀತಾರ. ನನ್ನ ಹತ್ರ ಇದ್ದಿದ್ದು ಒಂದ ಕಾರ್ಡ್. ಆ ಮಂಜುನಾಥಗ ನಾ ಕೊಟ್ಟಿದ್ದು ಅರ್ಧ ಉತ್ತರ, ಅಂವ ತಿಳ್ಕೊಂಡು ಹೋಗಿದ್ದು ಪೂರ್ತಿ ಉತ್ತರ. ಅರ್ಧ ಉತ್ತರ ಕಿಸೆದಾಗ ಇಟ್ಕೊಂಡು ಮನಿಗೆ ಹೋದವ್ರು ಹೆಂಗೆಂಗ ಮಾಡ್ಕೊಂಡಾರ ಅಂತ ಇಲ್ಲಿ ಬರಿಯಂಗಿಲ್ಲ, ನಿಮಗ ಊಹೆ ಆಗ್ತೈತಿ.

ಸರಕಾರಿ ಕಡೆ ಹಾದಿ ಹಿಂಗೈತಿ. ಊರ ಪಿಎಚ್‌ಸ್ಯಾಗ ಬಟ್ಟು ಚುಚ್ಚಿ ಒಂದು ಹನಿ ರಗತದಾಗ ಸ್ಕ್ರೀನಿಂಗ್ ಮಾಡ್ತಾರ. ಅಲ್ಲಿ ರಿಯಾಕ್ಟಿವ್ ಬಂದ್ರ ತಾಲೂಕು ದವಾಖಾನಿ ಐಸಿಟಿಸಿಗೆ ಚೀಟಿ ಕೊಡ್ತಾರ. ಐಸಿಟಿಸಿ ಅಂದ್ರ ಸಮಾಲೋಚನೆ ಮತ್ತು ಟೆಸ್ಟ್ ಎರಡೂ ಕೂಡಿದ ಕೇಂದ್ರ, ಅಲ್ಲಿ ಒಬ್ರು ಕೌನ್ಸೆಲರ್ ಇರ್ತಾರ, ಟೆಸ್ಟಿಗಿಂತ ಮೊದಲೂ ಮಾತಾಡ್ತಾರ, ಆದ ಮ್ಯಾಲೂ ಮಾತಾಡ್ತಾರ, ಮೂರು ಟೆಸ್ಟ್ ಅಲ್ಲೇ ಆಗ್ತಾವ, ಒಂದು ಪೈಸೆ ಖರ್ಚಿಲ್ಲ. ಖಾತ್ರಿ ಆದ್ರ ಅಲ್ಲಿಂದ ಎಆರ್‌ಟಿ, ಅಂದ್ರ ಎಚ್‌ಐವಿ ಅಡಗಿಸೋ ಗುಳಿಗಿ, ಕೊಡೋ ಸೆಂಟರಿಗೆ, ಗದಗ ಕಡೆಯವ್ರಿಗೆ ಗದಗದಾಗ, ಹಾವೇರಿಯವ್ರಿಗೆ ಹಾವೇರ್ಯಾಗ, ನಮ್ಮ ಕಡೆಯವ್ರಿಗೆ ಕಿಮ್ಸ್ (ಈಗ ಹೆಸರು ಕೆಎಂಸಿಆರ್‌ಐ ಆಗೈತಿ, ಮಂದಿ ಬಾಯಾಗ ಇನ್ನೂ ಕಿಮ್ಸ್). ಅಲ್ಲಿ ಹೆಸರು ಹಚ್ಚಿ, ತೂಕ ನೋಡಿ, ಸಿಡಿ4 (ಮೈ ಕಾಯೋ ಬಿಳಿ ರಗತಕಣದ ಎಣಿಕಿ) ಮತ್ತ ಲಿವರ್ ಕಿಡ್ನಿ ಟೆಸ್ಟಿಗೆ ರಗತ ತಗೊಂಡು, ಕೆಮ್ಮು ಜ್ವರ ರಾತ್ರಿ ಬೆವರು ಅಂತ ಟಿಬಿ ಕೇಳಿ, ಒಂದು ಹಸಿರು ಪುಸ್ತಕ ಮಾಡಿ ಗುಳಿಗಿ ಶುರು ಮಾಡ್ತಾರ. ಕಾಗದದ ಮ್ಯಾಲ ಛಲೋ ಐತಿ. ಆದ್ರ ಎಣಿಸಿ ನೋಡ್ರಿ, ಮೂರು ಊರು, ಮೂರು ದಿನದ ಕೂಲಿ, ಮೂರು ಕಡೆ ಮೂರು ಹೊಸಾ ಮಂದಿಗೆ ಅದ ಮಾತು ಮೊದಲಿಂದ ಹೇಳೋದು. ಎದೆ ಒಡದು ಬಂದ ಮನಷ್ಯಾಗ ಒಂದು ಸಲ ಬಾಯಿ ಬಿಡೋದ ದೊಡ್ಡದು. ಒಂದೊಂದು ಜಿಗಿತಕ್ಕೂ ಒಬ್ಬಿಬ್ರು ಉದುರ್ತಾರ.

ಲೆಕ್ಕ ಬೇಕಂದ್ರ ದೇಶದ್ದು ಐತಿ. ಭಾರತದಾಗ ಎಚ್‌ಐವಿ ಇರೋರು ಸುಮಾರು 25 ಲಕ್ಷ, ಅದರಾಗ ಕರ್ನಾಟಕ ಮ್ಯಾಲಿನ ಸಾಲಿನ ರಾಜ್ಯಗಳೊಳಗ ಒಂದು. ಜಗತ್ತಿನ ಗುರಿ 95-95-95 ಅಂತ ಇಟ್ಟಾರ, ಅಂದ್ರ ಇರೋರ ಪೈಕಿ ನೂರಕ್ಕ 95 ಮಂದಿಗೆ ತಮಗ ಐತಿ ಅಂತ ಗೊತ್ತಿರಬೇಕು, ಗೊತ್ತಿದ್ದವ್ರಾಗ ನೂರಕ್ಕ 95 ಮಂದಿ ಗುಳಿಗಿ ತಗೋತಿರಬೇಕು, ತಗೊಳ್ಳೋರಾಗ ನೂರಕ್ಕ 95 ಮಂದಿಗೆ ವೈರಸ್ ಅಡಗಿರಬೇಕು. 2023-24ಕ್ಕ ನಮ್ಮ ದೇಶದ ಅಂಕಿ 81-88-97. ಕಡೀದು ನೋಡ್ರಿ, 97, ಗುರಿನ ದಾಟೈತಿ! ಗುಳಿಗಿ ನುಂಗಿದವಗ ಗುಳಿಗಿ ಕೆಲಸ ಮಾಡಾಕತ್ತೈತಿ. ಎಲ್ಲಕ್ಕಿಂತ ಹಿಂದ ಬಿದ್ದಿದ್ದು ಮೊದಲನೇದು. ಐದು ಮಂದ್ಯಾಗ ಒಬ್ಬರಿಗೆ ಹತ್ರಹತ್ರ ತಮಗ ಐತಿ ಅನ್ನೋದ ಗೊತ್ತಿಲ್ಲ.

ಯಾರು ಆ ಒಬ್ರು? ನನ್ನ ಅನುಭವದಾಗ ಹೇಳ್ತೀನಿ, ಬಹುತೇಕ ಗಂಡಸು. ಯಾಕಂದ್ರ ನಮ್ಮ ವ್ಯವಸ್ಥಾದಾಗ ಟೆಸ್ಟಿಗೆ ಒಳಗ ಹೋಗಾಕ ಕೆಲವು ಬಾಗಲಾ ತಾವ ತಗದಿರ್ತಾವ. ಬಸುರಿ ಆದ್ರ ತಾಯಿ ಕಾರ್ಡ್ ಮಾಡಿಸುವಾಗ ಎಚ್‌ಐವಿ ಟೆಸ್ಟ್ ಆಗ್ತೈತಿ. ಟಿಬಿ ಬಂದ್ರ ಆಗ್ತೈತಿ. ಆಪರೇಷನ್ ಅಂದ್ರ ಆಗ್ತೈತಿ. ಲೈಂಗಿಕ ಕಾರ್ಯಕರ್ತೆಯರು, ತೃತೀಯ ಲಿಂಗಿಗಳು, ಲಾರಿ ಡ್ರೈವರ್‌ಗಳು ಇವರ ಹತ್ರ ಟಿಐ ಯೋಜನೆಯವ್ರು (ಸೋಂಕಿನ ಅಪಾಯ ಹೆಚ್ಚಿರೋ ಮಂದಿಗೇ ಅಂತ ಇರೋ ಯೋಜನೆ) ತಾವ ಹೋಗ್ತಾರ, ಅದೂ ಲಾಡ್ಜು ಡಾಬಾ ಇದ್ದ ಕಾಲಕ್ಕ ಸಲೀಸಿತ್ತು, ಈಗ ಎಲ್ಲಾ ಮೊಬೈಲ್‌ನ್ಯಾಗ ಆಗೋದರಿಂದ ಯಾರು ಎಲ್ಲಿ ಅಂತ ಹುಡುಕೋದು ತ್ರಾಸು. ಆದ್ರ ಒಬ್ಬ ಮೂವತ್ತೈದು ವರ್ಷದ ಗಟ್ಟಿ ಮನಷ್ಯಾ, ಟ್ರ್ಯಾಕ್ಟರ್ ಹೊಡಿಯಾಂವ ಇಲ್ಲಾ ಬ್ಯಾಡಗಿ ಮಾರ್ಕೆಟ್‌ನ್ಯಾಗ ಮೆಣಸಿನಕಾಯಿ ಚೀಲ ಹೊರಾಂವ, ಅವಗ ಯಾವ ಬಾಗಲಾ? ಒಂದೂ ಇಲ್ಲ. ಎಚ್‌ಐವಿ ಒಳಗ ಹೊಕ್ಕ ಮ್ಯಾಲೂ ಎಂಟು-ಹತ್ತು ವರ್ಷ ಏನೂ ತೋರಿಸದೇ ಇರಬಹುದು, ಅಲ್ಲೀ ಮಟ ಅಂವ ದವಾಖಾನಿ ಮೆಟ್ಟಲಾ ಹತ್ತಂಗಿಲ್ಲ. ಹತ್ತೋ ಹೊತ್ತಿಗೆ ಮೈ ಅರ್ಧ ಆಗಿ, ಟಿಬಿ ಕೂಡಿ, ಸಿಡಿ4 ನೂರರ ಕೆಳಗ ಬಂದಿರ್ತೈತಿ.

ಈ ಬಾಗಲದ ವ್ಯವಸ್ಥಾದ್ದು ಇನ್ನೊಂದು ಕೆಟ್ಟ ಪರಿಣಾಮ ಐತಿ, ಅದನ್ನ ಯಾರೂ ಬೇಕಂತ ಮಾಡಿದ್ದಲ್ಲ. ಮನ್ಯಾಗ ಮೊದಲು ಗೊತ್ತಾಗೋದು ಹೆಂಡ್ತಿದು. ಮದುವಿ ಆಗಿ ವರ್ಷಕ್ಕ ಬಸುರಿ ಆದ ಹುಡುಗಿ, ಗಂಡ ಬಿಟ್ಟು ಬ್ಯಾರೆ ಯಾರನ್ನೂ ಕಂಡಾಕಿ ಅಲ್ಲ, ಮೂರನೇ ತಿಂಗಳಿಗೆ ಟೆಸ್ಟ್ ಮಾಡಿಸಿದ್ರ ಪಾಸಿಟಿವ್. ಗಂಡನ್ನ ಕರಕೊಂಡ್ ಬಾ ಅಂತ ಕೌನ್ಸೆಲರ್ ಹೇಳ್ತಾರ. ಅಂವ ಬರಂಗಿಲ್ಲ, "ನನಗೇನಾಗೈತಿ, ನಾ ಗಟ್ಟಿ ಇದೀನಿ" ಅಂತಾನ. ಅತ್ತಿ ಬಾಯಾಗ ಬರೋ ಮಾತು "ತವರಿಂದ ತಂದಾಳ". ಮನ್ಯಾಗ ಇರೋ ಕಾಗದ ಒಂದ, ಅದರ ಮ್ಯಾಲ ಇರೋ ಹೆಸರು ಆಕಿದು ಒಂದ. ಮೊದಲು ಟೆಸ್ಟ್ ಆದವ್ರೇ ಮೊದಲು ತಂದವ್ರು ಅನ್ನೋ ಲೆಕ್ಕ ನಮ್ಮ ಕಡೆ ಎಷ್ಟು ಹೆಣ್ಮಕ್ಕಳನ್ನ ತವರಿಗೆ ಹಚ್ಚೈತೋ. ಎಚ್‌ಐವಿ ಕಾಯ್ದೆದಾಗ ಒಂದು ಮಾತೈತಿ, ಸಂಗಾತಿಗೆ ತಿಳಿಸೋದರಿಂದ ಹೆಣ್ಮಗಳಿಗೆ ಹೊಡತ-ಬಡತ ಇಲ್ಲಾ ಮನಿ ಬಿಡಿಸೋ ಹೆದರಿಕಿ ಇದ್ರ ಆಕಿ ತಿಳಿಸಲೇಬೇಕು ಅಂತಿಲ್ಲ ಅಂತ. ಬರದವ್ರಿಗೆ ಮನಿ ಒಳಗಿನ ಪರಿಸ್ಥಿತಿ ಗೊತ್ತಿತ್ತು ಅಂತಾಯ್ತು.

ಕೂಸಿನ ಮಟ್ಟಿಗೆ ಮಾತ್ರ ಆ ಬಾಗಲಾ ಭಾಳ ಉಪಕಾರ ಮಾಡೈತಿ. ಏನೂ ಮಾಡದೇ ಬಿಟ್ರ ತಾಯಿಯಿಂದ ಕೂಸಿಗೆ ದಾಟೋ ಸಾಧ್ಯತೆ ನೂರಕ್ಕ 15ರಿಂದ 45, ತಾಯಿ ಟೈಮಿಗೆ ಗುಳಿಗಿ ಹಿಡದು ಕೂಸಿಗೆ ಹುಟ್ಟಿದ ಕೂಡಲೇ ಔಷಧ ಹಾಕಿದ್ರ ಅದು 5ಕ್ಕಿಂತ ಕೆಳಗ ಇಳೀತೈತಿ. ಇಲ್ಲೂ ಕಾರ್ಡಿನ ಆಟ ಒಂದೈತಿ. ತಾಯಿ ಆಂಟಿಬಾಡಿ ಕೂಸಿನ ರಗತದಾಗ ಒಂದೂವರೆ ವರ್ಷದ ಮಟ ಇರಬಹುದು, ಅಂದ್ರ ಕೂಸಿಗೆ ವೈರಸ್ ಇಲ್ಲದಿದ್ರೂ ಕಾರ್ಡ್ ಎರಡು ಗೆರಿ ತೋರಸ್ತೈತಿ. ಅದಕ್ಕ ಆರು ವಾರಕ್ಕ ಕೂಸಿನ ಹಿಮ್ಮಡಿ ಚುಚ್ಚಿ ದಪ್ಪ ಕಾಗದದ ಮ್ಯಾಲ ರಗತದ ಚುಕ್ಕಿ ಒಣಗಿಸಿ ದೂರದ ಲ್ಯಾಬಿಗೆ ಕಳಿಸ್ತಾರ, ಅಲ್ಲಿ ವೈರಸ್ಸನ್ನ ನೇರ ಹುಡುಕ್ತಾರ. ಆಮ್ಯಾಲ ಆರು ತಿಂಗಳಿಗೆ, ವರ್ಷಕ್ಕ, ಕಡೀಕ ಹದಿನೆಂಟು ತಿಂಗಳಿಗೆ. ತೊಂದ್ರಿ ಏನಂದ್ರ ನಮ್ಮ ಕಡೆ ಮೊದಲನೇ ಹೆರಿಗಿಗೆ ತವರಿಗೆ ಹೋಗ್ತಾರಲ್ಲ, ಬಸುರಿದ್ದಾಗ ರೋಣದಾಗ ಹೆಸರು, ಹಡಿಯೋದು ಕೊಪ್ಪಳ ಕಡೆ, ಐದು ತಿಂಗಳಿಗೆ ಕೂಸು ತಗೊಂಡು ವಾಪಸ್, ಈ ಆರು ವಾರದ ಟೆಸ್ಟ್ ಯಾರ ರಿಜಿಸ್ಟರ್‌ನ್ಯಾಗೂ ಬರದೇ ನಡುವ ಉಳೀತೈತಿ.

ಇನ್ನ ಗುಳಿಗಿ ಕಡೆ ಬರೋಣ. ಹಳ್ಳಿಗಳೊಳಗ ನಾ ಈಗಲೂ ಕೇಳೋ ಒಂದು ಮಾತು, "ಕೌಂಟ್ ಇಳಿಯೋತನಕ ಗುಳಿಗಿ ಕೊಡಂಗಿಲ್ಲಂತ್ರಿ, ಈಗ ಯಾಕ ಹೋಗೋದು". ಇದು ಸುಳ್ಳ ಸುದ್ದಿ ಅಲ್ಲ, ಹಳೇ ಸುದ್ದಿ. 2004ರ ಏಪ್ರಿಲ್ 1ಕ್ಕ ಸರಕಾರ ಪುಕ್ಕಟೆ ಎಆರ್‌ಟಿ ಶುರು ಮಾಡಿದಾಗ ಸಿಡಿ4 200ರ ಕೆಳಗ ಇಳದವ್ರಿಗೆ ಮೊದಲು ಅಂತಿತ್ತು. ಸಿಡಿ4 ಅಂದ್ರ ಬಿಳಿ ರಗತಕಣದ ಒಂದು ಜಾತಿ, ಮೈ ಕಾಯೋ ಪೊಲೀಸರಂತ ತಿಳ್ಕೋರಿ, ಎಚ್‌ಐವಿ ಅವರನ್ನ ಹಿಡದು ಹಿಡದು ಕೊಲ್ತೈತಿ. ಆಮ್ಯಾಲ ಆ ಗೆರಿ 350ಕ್ಕ ಏರ್ತು, ಮುಂದ 500ಕ್ಕ, 2017ಕ್ಕ ಗೆರಿನ ತಗದು ಒಗದ್ರು, ಪಾಸಿಟಿವ್ ಅಂತ ಖಾತ್ರಿ ಆದ್ರ ಕೌಂಟ್ ಎಷ್ಟರ ಇರಲಿ ಗುಳಿಗಿ. ಸರಕಾರದ ಆದೇಶ ಬದಲಾಗಾಕ ಒಂದು ಕಾಗದ ಸಾಕು, ಊರ ಕಟ್ಟಿ ಮ್ಯಾಲಿನ ಮಾತು ಬದಲಾಗಾಕ ಹತ್ತು ವರ್ಷ ಬೇಕು. ಆಗ ವಾಪಸ್ ಕಳಿಸಿಕೊಂಡವ್ರು ಎಷ್ಟೋ ಮಂದಿ ಹೊಳ್ಳಿ ಬರಲೇ ಇಲ್ಲ. ಈಗಿನ ಗುಳಿಗಿನೂ ಬ್ಯಾರೆ, ಟಿಎಲ್‌ಡಿ ಅಂತಾರ, ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಕೂಡಿದ್ದು ಒಂದ ಗುಳಿಗಿ, ದಿನಕ್ಕೊಮ್ಮೆ. ಮೊದಲಿನ ಗುಳಿಗಿಗೆ ತಲಿ ತಿರಗ್ತಿತ್ತು, ಕೆಟ್ಟ ಕನಸು ಬೀಳ್ತಿದ್ವು, ಕೆಲವರಿಗೆ ಗಲ್ಲ ಒಳಗ ಹೋಗಿ ಮುಖ ನೋಡಿದ್ರ ಗೊತ್ತಾಗೋ ಹಂಗ ಆಗ್ತಿತ್ತು. ಆ ಮುಖಗಳನ್ನ ಊರು ಮರತಿಲ್ಲ.

ಡಬ್ಬಿ ಬಗ್ಗೆ ಹೇಳಬೇಕು. ಪ್ಲಾಸ್ಟಿಕ್ ಡಬ್ಬಿ, ಒಳಗ ಮೂವತ್ತು ಗುಳಿಗಿ, ಅಲ್ಲಾಡಿಸಿದ್ರ ಗಲಗಲ ಸಪ್ಪಳ. ಆ ಸಪ್ಪಳಕ್ಕ ಎಷ್ಟು ಮಂದಿ ಅಂಜ್ತಾರ ಅಂತ ನನಗ ಒಬ್ಬ ಅಕ್ಕಾರು ತೋರಿಸಿದ್ರು. ಎಆರ್‌ಟಿ ಸೆಂಟರ್‌ನಿಂದ ಹೊರಗ ಬಂದು ಬಸ್‌ಸ್ಟ್ಯಾಂಡಿನ ಹೆಣ್ಮಕ್ಕಳ ಸಂಡಾಸಕ್ಕ ಹೋಗಿ ಡಬ್ಬಿ ಒಳಗ ಹತ್ತಿ ತುರಕ್ತಾರಂತ, ಲೇಬಲ್ ಕಿತ್ತು ಒಗೀತಾರಂತ, ಹಸಿರು ಪುಸ್ತಕ ಎರಡು ಕುಪ್ಪಸದ ಪೀಸಿನ ನಡುವ. ಮನ್ಯಾಗ ಹೇಳಿ ಬಂದಿದ್ದು "ಅಜ್ಜಾರ ಮಠಕ್ಕ ಹೋಗಿ ಬರ್ತೀನಿ" ಅಂತ. ಹಂಗಾಗಿ ಸಿದ್ಧಾರೂಢರ ಮಠಕ್ಕ ಹೋಗಿ ಪ್ರಸಾದ ತಗೊಂಡೇ ಹೋಗಬೇಕು, ಸೊಸಿ ಪ್ರಸಾದ ಕೇಳ್ತಾಳಲ್ಲ. "ಅಜ್ಜಗ ಸುಳ್ಳ ಹೇಳಿಲ್ಲ ನೋಡಪ್ಪಾ, ಎರಡೂ ಕಡೆ ಹೋಗ್ತೀನಿ" ಅಂದ್ರು.

ಆ ಅಕ್ಕಾರ ಊರು ಗದಗ ಜಿಲ್ಲಾದಾಗ, ಗದಗ ಸೆಂಟರ್ ಹತ್ರ. ಆದ್ರೂ ಅರವತ್ತು ಕಿಲೋಮೀಟರ್ ಮುಂದ ಹುಬ್ಬಳ್ಳಿಗೇ ಬರ್ತಾರ, ಯಾಕಂದ್ರ ಗದಗ ದವಾಖಾನ್ಯಾಗ ಅವರ ಮೈದುನನ ಹೆಂಡ್ತಿ ತಂಗಿ ಕೆಲಸ ಮಾಡ್ತಾಳ. ನೋಡ್ರಿ, ನಕಾಶೆದಾಗ ದವಾಖಾನಿಗೆ ಚುಕ್ಕಿ ಇಟ್ಟು ಇಷ್ಟು ಕಿಲೋಮೀಟರ್‌ಗೆ ಒಂದು ಸೆಂಟರ್ ಐತಿ ಅಂತ ಲೆಕ್ಕ ಹಾಕೋರಿಗೆ ಇದು ತಿಳಿಯಂಗಿಲ್ಲ. ಬ್ಯಾರೆ ಜಡ್ಡಿಗೆ ಹತ್ರ ಇದ್ದಷ್ಟು ಛಲೋ, ಈ ಜಡ್ಡಿಗೆ ಹತ್ರ ಇದ್ದಷ್ಟು ದೂರ. ಎಆರ್‌ಟಿ ರೂಮಿನ ಮುಂದಿನ ಬೆಂಚಿನ ಮ್ಯಾಲ ಕುಂತ್ರ ಹೆಸರು ಕೇಳೋದ ಬ್ಯಾಡ, ಆ ಬೆಂಚ ಎಲ್ಲಾ ಹೇಳ್ತೈತಿ. ಹಾವೇರಿಯವ್ರು ದಾವಣಗೆರೆಗೆ, ಗದಗದವ್ರು ಹುಬ್ಬಳ್ಳಿಗೆ, ಹುಬ್ಬಳ್ಳಿಯವ್ರು ಬೆಳಗಾವಿಗೆ, ಹಿಂಗ ಒಬ್ರನ್ನೊಬ್ರು ದಾಟಿಕೋತ ತಿರಗ್ತಾರ. ತಾಲೂಕಿಗೆ ಲಿಂಕ್ ಎಆರ್‌ಟಿ ಅಂತ ಮಾಡಿ ಗುಳಿಗಿ ಹತ್ರ ತಂದಿದ್ದು ಛಲೋ ಕೆಲಸನ, ಆದ್ರ ಅಲ್ಲಿ ಬರಾಕ ಒಲ್ಲೆ ಅನ್ನೋರು ಯಾಕ ಒಲ್ಲೆ ಅಂತಾರ ಅಂತ ಗೊತ್ತಿರಬೇಕು.

2023ರ ಜೂನ್‌ನ್ಯಾಗ ಶಕ್ತಿ ಯೋಜನೆ ಬಂದ ಮ್ಯಾಲ ಹೆಣ್ಮಕ್ಕಳಿಗೆ ಬಸ್ ಖರ್ಚು ಹೋತು, ಅದು ಈ ವಿಷಯದಾಗ ಸಣ್ಣ ಸಹಾಯ ಅಲ್ಲ. ಅಕ್ಕಾರು ಹೇಳಿದ್ದು ಆಧಾರ್ ತೋರಿಸಿ ಕುಂತ್ರ ಮುಗೀತು, ಮೊದಲು ಹೋಗಿ ಬರೋ ಖರ್ಚಿಗೆ ಸಂಘದಾಗ ಸುಳ್ಳ ಹೇಳಿ ರೊಕ್ಕ ತಗೀತಿದ್ರಂತ. ಗಂಡಸರಿಗೆ ಅದೂ ಇಲ್ಲ. ಮತ್ತ ಕೂಲಿ ಹೋಗೋದು ಇಬ್ರಿಗೂ ಹೋಗ್ತೈತಿ. ಮೊದಲು ತಿಂಗಳ ತಿಂಗಳ ಬರಬೇಕಿತ್ತು, ಈಗ ಗಟ್ಟಿ ಆಗಿ ತಪ್ಪದೇ ನುಂಗೋರಿಗೆ ಮೂರು ತಿಂಗಳದ್ದು ಒಮ್ಮೆ ಕೊಡ್ತಾರ, ಕೊರೊನಾ ಕಾಲಕ್ಕ ಇದು ಜೋರಾಗಿ ನಡೀತು. ಸ್ಟಾಕ್ ಇದ್ರ ಮಾತ್ರ. 2022ರ ಜುಲೈನ್ಯಾಗ ದಿಲ್ಲಿ ನ್ಯಾಕೊ (ದೇಶದ ಏಡ್ಸ್ ನಿಯಂತ್ರಣ ಸಂಸ್ಥೆ) ಆಫೀಸಿನ ಮುಂದ ಎಚ್‌ಐವಿ ಇರೋ ಮಂದಿನ ಧರಣಿ ಕುಂತಿದ್ರು ಔಷಧ ಸಿಗವಲ್ದು ಅಂತ. ಸ್ಟಾಕ್ ಕಡಿಮಿ ಆದಾಗ ಮೂರು ತಿಂಗಳದ್ದು ಕೊಡೋ ಜಾಗಾದಾಗ ಹತ್ತು-ಹದಿನೈದು ದಿನದ್ದು ಎಣಿಸಿ ಕೊಡ್ತಾರ, ಗುಳಿಗಿ ಇಲ್ಲ ಅಂತ ಯಾರೂ ಹೇಳಂಗಿಲ್ಲ, ಆದ್ರ ತಿಂಗಳಿಗೆ ಎರಡು ಸಲ ಮಠಕ್ಕ ಹೋಗೋದು ಅಂದ್ರ ಮನ್ಯಾಗ ಏನಂತ ಹೇಳೋದು?

ಗುಳೆ ಹೋಗೋರದು ಬ್ಯಾರೆ ಕಥಿ. ಗದಗ ಹಾವೇರಿ ಹಳ್ಳಿಯಿಂದ ಗೋವಾಕ್ಕ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಾಕ ಹೋಗೋರು ದೀಪಾವಳಿಗೋ ಜಾತ್ರಿಗೋ ಊರಿಗೆ ಬರ್ತಾರ, ಹಸಿರು ಪುಸ್ತಕ ಊರಾಗ, ಮನಷ್ಯಾ ಅಲ್ಲಿ. ಇದ್ದ ಕಡೆ ಎಆರ್‌ಟಿ ಸೆಂಟರ್‌ಗೆ ಹೋಗಿ ಪುಸ್ತಕ ತೋರಿಸಿದ್ರ ತಾತ್ಪೂರ್ತಿಕ ಗುಳಿಗಿ ಕೊಡ್ತಾರ, ಕಾಯಂ ಅಲ್ಲೇ ಇರೋದಾದ್ರ ಟ್ರಾನ್ಸ್‌ಫರ್ ಮಾಡಿಸ್ಕೋಬಹುದು, ಇದು ಭಾಳ ಮಂದಿಗೆ ಗೊತ್ತಿಲ್ಲ. ಗೊತ್ತಿದ್ರೂ ಕಾಂಟ್ರಾಕ್ಟರ್ ಕಡೆ ರಜಾ ಕೇಳೋದು ಏನಂತ? ಭಾಳ ದಿನ ಬರಲಿಲ್ಲ ಅಂದ್ರ ಸೆಂಟರಿನವ್ರು ಎಲ್‌ಎಫ್‌ಯು, ಅಂದ್ರ ಕೈತಪ್ಪಿ ಹೋದವ್ರು, ಅಂತ ಬರೀತಾರ, ಔಟ್‌ರೀಚ್ ವರ್ಕರ್ ಫೋನ್ ಹಚ್ತಾರ, ಎತ್ತಲಿಲ್ಲ ಅಂದ್ರ ಮನಿ ಹುಡುಕ್ಕೊಂಡು ಬರ್ತಾರ. ಬಂದವ್ರು ಏನೂ ಬಾಯಿ ಬಿಡಂಗಿಲ್ಲ, ಆದ್ರೂ ಗೊತ್ತಿಲ್ಲದ ಮನಷ್ಯಾ ಬೈಕ್ ಹಚ್ಚಿ ಇಂಥವ್ರ ಮನಿ ಎಲ್ಲಿ ಅಂತ ಓಣ್ಯಾಗ ಕೇಳಿದ್ರ ಓಣಿ ಸುಮ್ನ ಇರ್ತೈತೇನು.

ದವಾಖಾನಿ ಮಂದಿದೂ ಒಂದು ಪಾಲೈತಿ, ನಾನೂ ಆ ಮಂದ್ಯಾಗಿನವನ ಆಗಿದ್ದೆ ಅಂತ ಹೇಳ್ತೀನಿ. ಹರ್ನಿಯಾ ಆಪರೇಷನ್‌ಗೆ ಬಂದವಂದು ರಿಯಾಕ್ಟಿವ್ ಅಂತ ನಾ ರಿಪೋರ್ಟ್ ಕೊಟ್ರ ಸಂಜಿಕ ಅಂವ ಡಿಸ್ಚಾರ್ಜ್, "ಇಲ್ಲಿ ಸೌಲಭ್ಯ ಇಲ್ಲ, ದೊಡ್ಡ ದವಾಖಾನಿಗೆ ಹೋಗ್ರಿ". ಬೆಳಿಗ್ಗಿ ಮಟ ಸೌಲಭ್ಯ ಇತ್ತು. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿ ಆಗೈತಿ, ಅದರ ಪ್ರಕಾರ ತಿಳಿಸಿ ಒಪ್ಪಿಗಿ ತಗೊಳ್ಳದೇ ಟೆಸ್ಟ್ ಮಾಡಂಗಿಲ್ಲ, ಇದ ಕಾರಣಕ್ಕ ಚಿಕಿತ್ಸೆ, ಕೆಲಸ, ಬಾಡಗಿ ಮನಿ ಯಾವುದನ್ನೂ ಇಲ್ಲ ಅನ್ನಂಗಿಲ್ಲ, ಇಪ್ಪತ್ತು ಮಂದಿ ಮ್ಯಾಲ ಕೆಲಸ ಮಾಡೋ ದವಾಖಾನ್ಯಾಗ ದೂರು ತಗೊಳ್ಳಾಕ ಒಬ್ಬ ಅಧಿಕಾರಿ ಇರಬೇಕು. ನಾನಿದ್ದ ಕಡೆ ಒಪ್ಪಿಗಿ ಅಂದ್ರ ಹತ್ತು ಟೆಸ್ಟಿನ ಪಟ್ಟಿ ಕೆಳಗ ಒಂದು ಸಹಿ. ಪಟ್ಟ್ಯಾಗ ಏನೈತಿ ಅಂತ ಯಾರೂ ಓದಿ ಹೇಳ್ತಿರಲಿಲ್ಲ, ನಾನೂ ಹೇಳಿಲ್ಲ. ಪ್ರೈವೇಟ್ ಕಡೆ ಟೆಸ್ಟ್ ಆದವ್ರಿಗೆ ಒಂದು ಚೀಟಿ ಬರದು "ಐಸಿಟಿಸಿಗೆ ಹೋಗ್ರಿ, ಇಲ್ಲಾಂದ್ರ 1097ಕ್ಕ ಫೋನ್ ಹಚ್ರಿ, ಅದು ಪುಕ್ಕಟೆ, ಹೆಸರು ಹೇಳೋದ ಬೇಕಿಲ್ಲ" ಅಂತ ಕೊಡಾಕ ಅರ್ಧ ನಿಮಿಷ ಸಾಕಿತ್ತು. ಆಮ್ಯಾಲ ನಾ ಅದನ್ನ ಶುರು ಮಾಡಿದೆ, ಟೆಸ್ಟ್ ಕಾರ್ಡಿನ ಡಬ್ಬಿ ಹಿಂದ ಅಂಟಿಸಿ ಇಟ್ಟಿದ್ದೆ ನಂಬರ್.

ಆ ಮಂಜುನಾಥ ಹೊಳ್ಳಿ ಬಂದ. ವರ್ಷದ ಮ್ಯಾಲ ಆಗಿತ್ತು, ನನಗ ಮೊದಲು ಗುರ್ತು ಹತ್ತಲಿಲ್ಲ, ಮೈ ತುಂಬಿತ್ತು. ಯಾರೋ ಹೇಳಿ ಸರಕಾರಿ ದವಾಖಾನಿಗೆ ಹೋಗಿ ಮೂರು ಟೆಸ್ಟ್ ಮಾಡಿಸಿ, ಗುಳಿಗಿ ಶುರು ಮಾಡಿ ವರ್ಷ ಆಗಿತ್ತಂತ. ಯಾವೂರಾಗ ಅಂತ ನಾ ಕೇಳಲಿಲ್ಲ. ಕಿಸೆಯಿಂದ ಕಾಗದ ತಗದು ತೋರಿಸಿದ, ವೈರಲ್ ಲೋಡ್ ರಿಪೋರ್ಟ್, ಅದರಾಗ ಟಿಎನ್‌ಡಿ ಅಂತ. ಟಾರ್ಗೆಟ್ ನಾಟ್ ಡಿಟೆಕ್ಟೆಡ್, ಅಂದ್ರ ರಗತದಾಗ ಹುಡುಕಿದ್ರೂ ವೈರಸ್ ಸಿಗಲಿಲ್ಲ. ಹಿಂಗ ಉಳಕೊಂಡವ್ರಿಂದ ಹೆಂಡ್ತಿಗೆ ಸಂಭೋಗದಿಂದ ದಾಟಂಗಿಲ್ಲ ಅನ್ನೋದು ದೊಡ್ಡ ದೊಡ್ಡ ಅಧ್ಯಯನದಾಗ ಸಾಬೀತಾಗೈತಿ. ಗುಳಿಗಿ ಬಿಟ್ರ ಮಾತ್ರ ಕೆಲವು ವಾರದಾಗ ಮತ್ತ ಏಳ್ತೈತಿ, ಅದು ಅಡಗಿ ಕುಂತಿರ್ತೈತಿ, ಹೋಗಿರಂಗಿಲ್ಲ.

ಅಂವ ಬಂದಿದ್ದು ಬ್ಯಾರೆ ಕೆಲಸಕ್ಕ. "ಸರ್, ಆವತ್ತು ಮಾಡಿದ್ರಲ್ಲ ಕಾರ್ಡು, ಇನ್ನೊಮ್ಮೆ ಮಾಡ್ರಿ. ಇದರಾಗ ಇಲ್ಲ ಅಂತ ಬಂದೈತಿ, ಈಗ ಗೆರಿ ಹೋಗಿರಬೇಕಲ್ಲ?"

ಹಿಂಗ ಕೇಳ್ಕೊಂಡು ಬರೋರು ಭಾಳ ಮಂದಿ. ಗೆರಿ ಹೋಗಿಲ್ಲ ಅಂದ ಕೂಡಲೇ ಗುಳಿಗಿ ಕೆಲಸ ಮಾಡವಲ್ದು ಅಂತ ಬಿಟ್ಟು ಕುಂತವ್ರೂ ಅದಾರ, ಗೆರಿ ತಗಸ್ತೀವಿ ಅಂತ ಸಾವಿರಗಟ್ಲೆ ತಗೊಂಡು ಬೇರು ಪುಡಿ ಕೊಡೋರೂ ಅದಾರ. ಈ ಸಲ ನಾ ಅವನ್ನ ಒಳಗ ಕರಕೊಂಡು ಹೋಗಿ ಸ್ಟೂಲ್ ಮ್ಯಾಲ ಕುಂಡ್ರಿಸಿದೆ. ಕಾರ್ಡ್ ನೋಡೋದು ವೈರಸ್ ಅಲ್ಲ ಅಂತ, ಹಂದಿ ಹೆಜ್ಜಿ ಕಥಿ, ಎಲ್ಲಾ ಹೇಳಿದೆ. ಹಂದಿ ಬಲ್ಯಾಗ ಬಿದ್ದೈತಿ, ಕದಲವಲ್ದು, ಆದ್ರ ಹೊಲದಾಗಿನ ಹೆಜ್ಜಿ ಗುರ್ತು ಹಂಗ ಉಳದೈತಿ, ಕಾರ್ಡ್ ಅದನ್ನ ನೋಡಿ ಮತ್ತ ಎರಡು ಗೆರಿನ ತೋರಸ್ತೈತಿ ಅಂದೆ.

"ಅಂದ್ರ ಸಾಯೂತನಕ ಈ ಗೆರಿ ಇರ್ತೈತ್ರಿ?"

"ಇರ್ತೈತಿ. ನೀವು ಕೇಳಬೇಕಾದ್ದು ಕಾರ್ಡ್ ಅಲ್ಲ, ಈ ಕಾಗದ. ವರ್ಷಕ್ಕೊಮ್ಮೆ ಇದನ್ನ ಮಾಡಸ್ರಿ ಅಂತ ಅಲ್ಲೇ ಕೇಳ್ರಿ."

ತಟಗ ಹೊತ್ತು ಸುಮ್ನ ಕುಂತ. ಆಮ್ಯಾಲ ಕಾಗದ ಮೊದಲಿನಂಗ ನಾಕು ಮಡಚಿದ, ಕೌಂಟರ್ ಕಡೆ ನೋಡಿ "ಹಂಗಾರ ಬ್ಯಾಡ ಬಿಡ್ರಿ, ಮುನ್ನೂರು ರೂಪಾಯಿ ಉಳೀತು" ಅಂದ. ಹೆಂಡ್ತಿ ಹೊರಗ ಚಾದಂಗಡ್ಯಾಗ ಕುಂತಾಳ, ಆಕಿದು ನೆಗೆಟಿವ್ ಬಂದೈತಿ ಅಂತನೂ ಹೇಳಿ, ಚಪ್ಲಿ ಮೆಟ್ಕೊಂಡು ಹೋದ.